ಓಬಳಮ್ಮನವರ ಭಾನುವಾರಗಳು

ಆಂಧ್ರದ ಅಂಚಿಗೆ ಸೇರಿದ ನಮ್ಮ ಕನ್ನಡ ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೀರಿ ಶುಶ್ರೂಷಕಿಯಾಗಿ ದುಡಿದು, ಈಚೆಗೆ ಹೆಡ್ ನರ್ಸ್ ಹುದ್ದೆಯಿಂದ ನಿವೃತ್ತರಾದ ಶ್ರೀಮತಿ ಓಬಳಮ್ಮನವರನ್ನು ಅರಿಯದ ಮನೆ ರಾಯದುರ್ಗದಲ್ಲಿ ಕಡಿಮೆ. ಅವರ ಕೈಯಲ್ಲಿ ಹುಟ್ಟಿದ ಹೆಣ್ಣುಕೂಸುಗಳು ಇಂದು ತಮ್ಮ ಕೂಸುಗಳನ್ನು ಎತ್ತಿಕೊಂಡು ಲಸಿಕೆ ಹಾಕಿಸಲು ಅದೇ ವರಾಂಡದಲ್ಲಿ ಸಾಲು ನಿಲ್ಲುತ್ತಿದ್ದಾರೆ. ಹೆರಿಗೆ ವಾರ್ಡಿನ ಅವರ ಶ್ರದ್ಧೆಯ ಬಗ್ಗೆ, ಕಾಲರಾ ಬಂದ ಬೇಸಿಗೆಯಲ್ಲಿ ಅವರು ತೋರಿದ ಧೈರ್ಯದ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ನಾನು ಬರೆಯಬೇಕೆಂದುಕೊಂಡಿರುವುದು ಅವರ ರಜೆಯ ದಿನಗಳ ಬಗ್ಗೆ, ಅಂದರೆ ಅವರಿಗೆ ಇರದೇ ಹೋದ ಭಾನುವಾರಗಳ ಬಗ್ಗೆ. ಕುಡಿತ ಬಿಡಲು ಹೆಣಗುವವರು ಒಟ್ಟಿಗೆ ಕೂತು ಮಾತಾಡಿಕೊಳ್ಳುವ ಸಭೆಗೆ ನಮ್ಮ ಕಡೆ ಎಲ್ಲರೂ ‘ಮೀಟಿಂಗ್’ ಎಂದೇ ಹೇಳುತ್ತಾರೆ. ಒಳಗೆ ಬಂದವರ ಹೆಸರನ್ನು ಹೊರಗೆ ಆಡಬಾರದೆಂಬುದು ಅದರ ಕಟ್ಟಳೆ. ಆದ್ದರಿಂದ ಹಾಗೆ ಒಳಗೆ ಕೂತವರಲ್ಲಿ ಒಬ್ಬರ ಹೆಸರು ಮಾತ್ರ ಇಲ್ಲಿ ಬರುತ್ತದೆ. ಅವರು ಉಜ್ಜಿನಪ್ಪನವರು. “ಬರೀರಿ ಮೇಡಂ, ನಾನು ಕುಡಿಯಾದು ಇಡೀ ಊರು ನೋಡೈತಿ, ಬಿಟ್ಟಿದ್ದೂ ನೋಡ್ಲಿ ಬಿಡ್ರಿ” ಎಂದು ಅವರೇ ಹೇಳಿದ್ದಾರೆ.

ಓಬಳಮ್ಮನವರು ಹುಟ್ಟಿದ್ದು ಮಡಕಶಿರಾದಿಂದ ಹೇಮಾವತಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ತಂದೆ ದೊಡ್ಡರಂಗಪ್ಪನವರದು ಕಡಲೆಕಾಯಿ, ರಾಗಿ ಬೆಳೆಯುವ ಮನೆ. ಬಾವಿಯ ಪಕ್ಕ ಒಂದಿಷ್ಟು ಹಿಪ್ಪುನೇರಳೆ. ಮಗಳನ್ನು ಅನಂತಪುರಕ್ಕೆ ನರ್ಸಿಂಗ್ ಓದಲು ಕಳಿಸಿದ ಮೇಲೆ ಮನೆಯ ಬೇಸಾಯ ಓಬಳಮ್ಮನವರ ತಮ್ಮ ಮೂಕಪ್ಪನ ಹೆಗಲಿಗೆ ಬಿತ್ತು. ಮಡಕಶಿರಾದಲ್ಲಿ ಕೆಲವು ವರ್ಷ ಕೆಲಸ ಮಾಡಿ, ತೊಂಬತ್ತರ ದಶಕದ ಕೊನೆಯಲ್ಲಿ ಅವರು ವರ್ಗವಾಗಿ ರಾಯದುರ್ಗಕ್ಕೆ ಬಂದರು. ಆಗ ನಮ್ಮೂರಿನ ಓಣಿ ಓಣಿಗೂ ಜೀನ್ಸ್ ಪ್ಯಾಂಟಿನ ಹೊಲಿಗೆ ಬಂದಿತ್ತು. ಗುಮ್ಮಘಟ್ಟದಿಂದ, ಡಿ. ಹಿರೇಹಾಳ್‌ನಿಂದ ಕುರಿ ಬಿಟ್ಟು, ಹೊಲ ಬಿಟ್ಟು ಜನ ಮಷೀನಿನ ಮುಂದೆ ಬಂದು ಕೂತಿದ್ದರು. ಶನಿವಾರ ಸಂಜೆ ಬಟವಾಡೆ. ಭಾನುವಾರ ಬೆಳಗ್ಗೆ ನಮ್ಮ ಗಂಡಸರ ವಾರ್ಡು ತುಂಬಿರುತ್ತಿತ್ತು. ಕಣ್ಣು ಹಳದಿಯಾದವರು, ಕೈ ನಡುಗಿ ಲೋಟ ಹಿಡಿಯಲಾರದವರು, ಬಿದ್ದು ತಲೆ ಒಡೆದುಕೊಂಡವರು. ಗ್ಲೂಕೋಸ್ ಹಾಕಿ, ಎರಡು ದಿನ ಮಲಗಿಸಿ, ಬುದ್ಧಿ ಹೇಳಿ ಕಳಿಸುತ್ತಿದ್ದೆವು. ಅವರು ಹೋಗಿ ಮತ್ತೆ ಬರುತ್ತಿದ್ದರು.

ಹಾಗೆ ಮತ್ತೆ ಮತ್ತೆ ಬಂದವರಲ್ಲಿ ಉಜ್ಜಿನಪ್ಪನವರೂ ಒಬ್ಬರು. ಗುಮ್ಮಘಟ್ಟದ ಕಡೆಯ ಕುರಿಗಾರರ ಮನೆಯವರು. ಪ್ಯಾಂಟಿನ ಜೇಬು ಹೊಲಿಯುವುದರಲ್ಲಿ ಅವರ ಕೈಗೆ ಸಮನಿಲ್ಲವೆಂದು ಹೊಲಿಗೆ ಯೂನಿಟ್ಟಿನವರು ಹೇಳುತ್ತಿದ್ದ ಕಾಲವೊಂದಿತ್ತಂತೆ. ನಾವು ನೋಡುವ ಹೊತ್ತಿಗೆ ಆ ಕೈಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಒಂದು ಸಲ ಡಿಸ್ಚಾರ್ಜ್ ಎಂದು ಹೇಳಿದಾಗ ಅವರ ಹೆಂಡತಿ ಪಾಲಮ್ಮ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟರು.

“ಈತನ್ನ ಇಲ್ಲೇ ಇಟ್ಕೊಳ್ರಿ ಸಿಸ್ಟರಮ್ಮ. ಮನಿಗೆ ಕರ್ಕೊಂಡು ಹೋಗಾಕ ನನ್ನ ಕೈಲಿ ಆಗಂಗಿಲ್ಲ. ನನಗ ಸಾಕಾಗೈತ್ರಿ.”

ಓಬಳಮ್ಮನವರು ಪಾಲಮ್ಮನ ಪಕ್ಕದಲ್ಲೇ ಕೂತರು. “ಇಲ್ಲಿ ಇಟ್ಕಳಕ್ಕೆ ಆಗಾಕಿಲ್ಲ ಕಣವ್ವ. ಕರ್ಕೊಂಡೋಗು. ಮುಂದೆ ಏನ್ ಮಾಡಾದು ಅಂತ ನಾನೂ ಯಾರನ್ನಾದ್ರೂ ಕೇಳ್ತೀನಿ” ಎಂದರು.

ಕೇಳಿದರು ಕೂಡ. ವೈದ್ಯರನ್ನು ಕೇಳಿದರು, ಔಷಧಿ ಕಂಪನಿಯವರನ್ನು ಕೇಳಿದರು, ವಾರ್ಡಿಗೆ ರೋಗಿಗಳನ್ನು ನೋಡಲು ಬಂದ ನೆಂಟರನ್ನು ಕೇಳಿದರು. ಕೊನೆಗೆ ಬಳ್ಳಾರಿಯಿಂದ ಬಂದ ಯಾರೋ ಒಬ್ಬರು, ಅಲ್ಲೊಂದು ಶಾಲೆಯಲ್ಲಿ ಭಾನುವಾರ ಮಧ್ಯಾಹ್ನ ಕುಡಿತ ಬಿಟ್ಟವರು ಸೇರುತ್ತಾರೆಂದೂ, ಅವರಲ್ಲಿ ತಮ್ಮ ಭಾವನೂ ಇದ್ದಾನೆಂದೂ ಹೇಳಿದರು. ಯಾವ ಶಾಲೆಯೆಂದು ಅವರಿಗೆ ಗೊತ್ತಿರಲಿಲ್ಲ. ಚರ್ಚಿನ ಹಿಂದೆ ಎಂದಷ್ಟೇ ಗೊತ್ತಿತ್ತು.

ಮುಂದಿನ ಭಾನುವಾರ ಉಜ್ಜಿನಪ್ಪ, ಪಾಲಮ್ಮ, ಓಬಳಮ್ಮನವರು ಮತ್ತು ಜೊತೆಗಿರಲೆಂದು ನಾನು, ನಾಲ್ವರೂ ಬಳ್ಳಾರಿ ಬಸ್ಸು ಹತ್ತಿದೆವು. ಬಳ್ಳಾರಿಯಲ್ಲಿ ಚರ್ಚುಗಳೂ ಹಲವು, ಅವುಗಳ ಹಿಂದೆ ಶಾಲೆಗಳೂ ಹಲವು ಎಂಬುದು ಇಳಿದ ಮೇಲೆ ತಿಳಿಯಿತು. ಬಿಸಿಲಲ್ಲಿ ಅಲೆದು ಅಲೆದು, ಒಂದು ಶಾಲೆಯ ಸಭಾಂಗಣದಲ್ಲಿ ಗಂಡಸರು ಸಾಲಾಗಿ ಕುರ್ಚಿ ಹಾಕಿಕೊಂಡು ಕೂತದ್ದನ್ನು ಕಂಡು ಒಳಗೆ ಹೋದೆವು. ಬಾಗಿಲಲ್ಲಿದ್ದವರು ಆದರದಿಂದ ಕೂರಿಸಿ ಚಹಾ ಬಿಸ್ಕತ್ತು ಕೊಟ್ಟರು. ವೇದಿಕೆಯಲ್ಲಿ ನಿಂತಿದ್ದವರು, “ನೀವು ಇಲ್ಲವಾದ ದಿನ ನಿಮ್ಮ ಹೆಂಡತಿ ಮಕ್ಕಳ ಗತಿ ಏನು? ಒಂದು ಸಲವಾದರೂ ಯೋಚಿಸಿದ್ದೀರಾ?” ಎಂದು ಕೇಳುತ್ತಿದ್ದರು. ಉಜ್ಜಿನಪ್ಪನವರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ಪಾಲಮ್ಮನ ಮುಖದಲ್ಲಿ ಏನೋ ಗೆಲುವು. ಸ್ವಲ್ಪ ಹೊತ್ತಿನ ಮೇಲೆ ಪಾಲಿಸಿ, ಕಮಿಷನ್ ಎಂಬ ಮಾತುಗಳು ಬಂದವು; ಅದು ವಿಮಾ ಏಜೆಂಟರ ಸಭೆ. ಹೊರಗೆ ಬಂದು ನಾನು ನಕ್ಕೆ, ಪಾಲಮ್ಮನೂ ನಕ್ಕರು. ಓಬಳಮ್ಮನವರು ನಗಲಿಲ್ಲ. ಅಲೆದು ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು. “ಬರೋ ಭಾನುವಾರ ಆ ಕಡೆ ಬೀದಿ ನೋಡಾನ” ಎಂದರು.

ಆ ಕಡೆ ಬೀದಿಯಲ್ಲೇ ಅದು ಇತ್ತು. ಶಾಲೆಯ ಒಂದು ಸಣ್ಣ ಕೋಣೆ, ಮಕ್ಕಳ ಬೆಂಚುಗಳು. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನಮ್ಮನ್ನೆಲ್ಲ ಒಮ್ಮೆ ನೋಡಿ, “ಕುಡಿಯಾರು ಯಾರ್ರಿ?” ಎಂದು ಕೇಳಿದರು. ಅಷ್ಟು ಸರಳವಾಗಿ ಆ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಉಜ್ಜಿನಪ್ಪನವರು ಕೈ ಎತ್ತಿದರು. ಹಿರಿಯರು ಅವರ ಹೆಗಲ ಮೇಲೆ ಕೈಯಿಟ್ಟು, “ನೀವು ಒಳಗ ಬರ್ರಿ. ತಾಯಂದ್ರು ತಪ್ಪು ತಿಳ್ಕೋಬ್ಯಾಡ್ರಿ, ಹೊರಗ ಕೂಡ್ರಿ. ಇದು ಕುಡಿದೋರು ಕುಡಿದೋರ ಜೊತಿ ಮಾತಾಡಾ ಜಾಗ” ಎಂದರು. ನಾವು ಬೇವಿನ ಮರದ ಕೆಳಗೆ ಕೂತೆವು. ಓಬಳಮ್ಮನವರು ಕೂತಲ್ಲೇ ನಿದ್ದೆಹೋದರು. ಹಿಂದಿನ ರಾತ್ರಿ ಅವರಿಗೆ ಡ್ಯೂಟಿ ಇತ್ತು.

ಹೊರಗೆ ಬಂದ ಉಜ್ಜಿನಪ್ಪನವರನ್ನು ಪಾಲಮ್ಮ, “ಏನಂದ್ರು?” ಎಂದು ಕೇಳಿದರು. ಅವರು ಬಸ್ ಸ್ಟ್ಯಾಂಡಿನವರೆಗೆ ನಮ್ಮ ಮುಂದೆ ಮುಂದೆ ನಡೆದರು. ಆಮೇಲೆ ಓಬಳಮ್ಮನವರ ಕಡೆ ತಿರುಗಿ, “ಯಾರೂ ಬೈಯಲಿಲ್ರಿ ಸಿಸ್ಟರಮ್ಮ” ಎಂದರು. “ಒಬ್ಬಾತ ತನ್ನ ಕಥಿ ಹೇಳಿದ. ನನ್ನ ಕಥಿ ಇವಂಗ ಯಾರು ಹೇಳ್ಯಾರ ಅನಿಸ್ತು.”

ಇಲ್ಲಿಂದ ಮುಂದೆ ಎಲ್ಲ ನೆಟ್ಟಗಾಯಿತೆಂದು ಬರೆಯುವಂತಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಉಜ್ಜಿನಪ್ಪನವರು ಕೆಲವು ತಿಂಗಳು ಬಿಟ್ಟರು, ಉಗಾದಿಗೆ ಕುಡಿದರು. ಮತ್ತೆ ಬಿಟ್ಟರು, ಅಣ್ಣನ ಮಗನ ಮದುವೆಯಲ್ಲಿ ಕುಡಿದರು. ಪ್ರತಿ ಸಲವೂ ಓಬಳಮ್ಮನವರು ಷೇರ್ ಆಟೋದಲ್ಲಿ ಗುಮ್ಮಘಟ್ಟಕ್ಕೆ ಹೋಗಿ, ಬೈಯದೆ, ಅಳದೆ, “ಭಾನುವಾರ ಬಸ್ಸಿಗೆ ಬಾರಪ್ಪ” ಎಂದಷ್ಟೇ ಹೇಳಿ ಹಿಂದಿರುಗುತ್ತಿದ್ದರು. ಅಷ್ಟರಲ್ಲಿ ಅವರಿವರಿಂದ ತಿಳಿದು ಬೇರೆ ಗಂಡಸರೂ ಅವರ ಹಿಂದೆ ಬಸ್ಸು ಹತ್ತತೊಡಗಿದ್ದರು. ಬಂದವರಲ್ಲಿ ಅರ್ಧದಷ್ಟು ಜನ ಮುಂದಿನ ವಾರ ಬರುತ್ತಿರಲಿಲ್ಲ. ಒಬ್ಬರಂತೂ ಬಳ್ಳಾರಿಯಲ್ಲಿ ಇಳಿದವರೇ ನೇರ ಅಂಗಡಿಗೆ ಹೋದರು. ಒಂದು ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಓಬಳಮ್ಮನವರು ನನಗೆ ಹೇಳಿದ್ದು ಇಂದಿಗೂ ನೆನಪಿದೆ: “ನಂಗೂ ಸಾಕಾಗೈತೆ ಸುನೀತಾ. ಈ ವಾರ ಬ್ಯಾಡ ಅಂದ್ಕೊತೀನಿ. ಅಷ್ಟ್ರಾಗೆ ಭಾನುವಾರ ಬಂದ್ಬುಟ್ಟಿರ್ತೈತೆ.”

ಅವರ ದಣಿವಿನ ಇನ್ನೊಂದು ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಊರಲ್ಲಿ ತಮ್ಮ ಮೂಕಪ್ಪನೂ ಕುಡಿಯುತ್ತಿದ್ದರು. ರೇಷ್ಮೆ ಹುಳು ಸಾಕುವುದು ನಿಂತು, ಹಿಪ್ಪುನೇರಳೆ ಒಣಗಿ, ಮೂಕಪ್ಪನ ಹೆಂಡತಿ ಕದರಮ್ಮ ಬೆಳಗಾಗುವ ಮೊದಲೇ ಹಿಂದೂಪುರದ ಕಡೆಯ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಅಕ್ಕ ಪ್ರತಿ ರಜೆಗೂ ಹೋಗಿ ಕರೆದರೆ ತಮ್ಮನದು ಒಂದೇ ಉತ್ತರ: “ನೀನು ರಾಯದುರ್ಗದೋರ್ನೆಲ್ಲ ರಿಪೇರಿ ಮಾಡಕ್ಕಯ್ಯ. ನನ್ನ ಬಿಟ್ಬುಡು.” ಒಮ್ಮೆ ಮಾತ್ರ ಒಪ್ಪಿದರು. ಹಿಂದೂಪುರದಲ್ಲಿ ಮೀಟಿಂಗ್ ಇದೆಯೆಂದು ತಿಳಿದು ಓಬಳಮ್ಮನವರು ಅವರನ್ನು ಕರೆದುಕೊಂಡು ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, “ಈಗ್ಲೇ ಬತ್ತೀನಿ, ಇಲ್ಲೇ ನಿಂತಿರು” ಎಂದು ಹೋದ ತಮ್ಮ ತಿರುಗಿ ಬರಲಿಲ್ಲ. ಅವರು ಸಂಜೆಯವರೆಗೂ ಅಲ್ಲಿಯೇ ನಿಂತಿದ್ದರು. ಬಂದಾಗ ತಾನಿಲ್ಲದಿದ್ದರೆ ಎಂಬ ಭಯಕ್ಕೆ ನೀರು ಕುಡಿಯಲೂ ಹೋಗಲಿಲ್ಲವಂತೆ. ಇದೆಲ್ಲ ನಡೆದಾಗ ನಾನು ಅವರ ಜೊತೆ ಒಂದೇ ಆಸ್ಪತ್ರೆಯಲ್ಲಿದ್ದೆ. ಮರುದಿನ ಅವರು ಎಂದಿನಂತೆ ಡ್ಯೂಟಿಗೆ ಬಂದು ಇಂಜೆಕ್ಷನ್ ಟ್ರೇ ಜೋಡಿಸಿಕೊಂಡಿರಬೇಕು. ನನಗೆ ಏನೂ ಗೊತ್ತಾಗಲಿಲ್ಲ.

ಬಳ್ಳಾರಿಯ ಹಿರಿಯರು, “ನಿಮ್ಮೂರಾಗ ನೀವ ಶುರು ಮಾಡ್ರಿ, ಬಸ್ಸಿಗೆ ಎಷ್ಟು ದಿನ ತಿರುಗ್ತೀರಿ” ಎಂದು ಹೇಳಿದ್ದು ಉಜ್ಜಿನಪ್ಪನವರು ಒಂದು ವರ್ಷ ಕುಡಿಯದೆ ಕಳೆದ ಮೇಲೆ. ಕೋಣೆ ಹುಡುಕುವ ಕೆಲಸ ಓಬಳಮ್ಮನವರ ಪಾಲಿಗೆ ಬಂತು. ಒಂದು ಛತ್ರದವರು, “ಕುಡುಕರ ಸಂಘಕ್ಕಾ ಸಿಸ್ಟರಮ್ಮ?” ಎಂದು ನಕ್ಕರು. ಒಂದು ಶಾಲೆಯವರು ಯೋಚಿಸಿ ಹೇಳುತ್ತೇವೆಂದು ಹೇಳಿ ಇಂದಿಗೂ ಯೋಚಿಸುತ್ತಿದ್ದಾರೆ. ಕಡೆಗೆ ಜೀನ್ಸ್ ಯೂನಿಟ್ಟಿನ ಮಾಲೀಕರಾದ ಮರುಳಸಿದ್ದಪ್ಪನವರು, ಭಾನುವಾರ ಮುಚ್ಚಿರುವ ತಮ್ಮ ಇಸ್ತ್ರಿ ಕೋಣೆಯನ್ನು ಕೊಟ್ಟರು. ಅವರ ಸೊಸೆಗೆ ಹೆರಿಗೆ ಮಾಡಿಸಿದ್ದು ಓಬಳಮ್ಮನವರೇ. ಕುರ್ಚಿಗಳಿಲ್ಲದ ಆ ಕೋಣೆಯಲ್ಲಿ ಪ್ಯಾಂಟಿನ ಗಂಟುಗಳ ಮೇಲೆ ಕೂತು ರಾಯದುರ್ಗದ ಮೊದಲ ಮೀಟಿಂಗ್ ನಡೆಯಿತು. ಹೊಸ ಬಟ್ಟೆಯ ನೀಲಿ ಬಣ್ಣ ಬಂದವರ ಬಿಳಿ ಪಂಚೆಗಳಿಗೆ ಹತ್ತಿತು. ಹೆಸರು ಗುಟ್ಟಾಗಿರಬೇಕೆಂಬ ಕಟ್ಟಳೆಯ ಸಭೆಯಿಂದ ಹೊರಟವರನ್ನು ಊರಿನ ಜನ ಬೆನ್ನ ಹಿಂದಿನಿಂದಲೇ ಗುರುತು ಹಿಡಿದರು. ಅದರ ಮುಂದಿನ ವಾರ ಓಬಳಮ್ಮನವರು ಚಾಪೆ ತಂದರು.

ಸಭೆಯ ಆರಂಭದಲ್ಲಿ ಓದಲು, ನಮ್ಮದು ಆಂಧ್ರವೆಂದು, ನಮಗೆ ಬಂದ ಹಾಳೆ ತೆಲುಗಿನಲ್ಲಿತ್ತು. ಸಂತೆಯಲ್ಲಿ, ಆಫೀಸಿನಲ್ಲಿ ತೆಲುಗು ಆಡಿದರೂ, ಮನೆಯಲ್ಲಿ ಮಾಡಿದ್ದನ್ನು ಹೇಳಿಕೊಳ್ಳಲು ಇವರಿಗೆ ಕನ್ನಡವೇ ಬೇಕಿತ್ತು. ಓಬಳಮ್ಮನವರೂ ನಾನೂ ಕೂತು ಅದನ್ನು ಕನ್ನಡಕ್ಕೆ ತಂದೆವು. ನಾನು ‘ಕುಡಿತದ ಮುಂದೆ ನಾವು ಅಶಕ್ತರು’ ಎಂದು ಬರೆದಿದ್ದೆ. ಉಜ್ಜಿನಪ್ಪನವರು ಓದಿ, “ಇದು ದವಾಖಾನಿ ಮಾತಾತ್ರಿ. ‘ನಮಗ ಸಾಕಾಗೈತಿ’ ಅಂತ ಬರೀರಿ, ಎಲ್ಲಾರಿಗೂ ತಿಳೀತೈತಿ” ಎಂದರು. ಹಾಗೆಯೇ ಬರೆದೆವು.

ವಾರ ವಾರವೂ ಓಬಳಮ್ಮನವರು ಬೀಗ ತೆಗೆದು, ಕಸ ಗುಡಿಸಿ, ಕೊಡದಲ್ಲಿ ನೀರಿಟ್ಟು, ಗಂಡಸರು ಬರುತ್ತಿದ್ದಂತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕುಡಿತಕ್ಕೆ ಬೀಳದವರಿಗೆ ಒಳಗೆ ಜಾಗವಿಲ್ಲವೆಂಬುದನ್ನು ಅವರು ಎಂದೂ ಮೀರಲಿಲ್ಲ. ಗಂಡಂದಿರನ್ನು ಕರೆತಂದ ಹೆಂಗಸರೂ ಅಲ್ಲೇ ಕೂರುತ್ತಿದ್ದರು. ಮೊದಮೊದಲು ಬೆಳೆಯ ಮಾತು, ಮಕ್ಕಳ ಮಾತು. ಒಂದು ದಿನ ಪಾಲಮ್ಮ, “ಅವರಿಗೇನೋ ಒಂದು ಮೀಟಿಂಗ್ ಆತು. ನಮಗೇನೈತಿ?” ಎಂದರು. ಅಂದಿನಿಂದ ಆ ಮೆಟ್ಟಿಲ ಮೇಲೂ ಒಬ್ಬೊಬ್ಬರಾಗಿ ಹೇಳಿಕೊಳ್ಳುವುದು, ಉಳಿದವರು ನಡುವೆ ಬಾಯಿ ಹಾಕದೆ ಕೇಳುವುದು ಶುರುವಾಯಿತು. ಓಬಳಮ್ಮನವರು ಎಲ್ಲರದನ್ನೂ ಕೇಳುತ್ತಿದ್ದರು. ತಮ್ಮದನ್ನು ಹೇಳುತ್ತಿರಲಿಲ್ಲ.

ಮೂಕಪ್ಪ ತೀರಿಹೋದದ್ದು ಒಂದು ಬೇಸಿಗೆಯಲ್ಲಿ. ಕದರಮ್ಮ ಗಾರ್ಮೆಂಟ್ಸಿನಲ್ಲಿದ್ದಾಗ, ಹೊಲದ ಬದುವಿನ ಮೇಲೆ. ಓಬಳಮ್ಮನವರು ರಜೆ ಹಾಕಿ ಹೋದರು, ತಮ್ಮನ ತಿಥಿ ಮುಗಿಸಿಕೊಂಡು ಬಂದರು, ಬಂದ ಭಾನುವಾರವೇ ಬೀಗದ ಕೈ ಹಿಡಿದು ಯೂನಿಟ್ಟಿನ ಮುಂದೆ ನಿಂತಿದ್ದರು. ನನಗೆ ಸಿಟ್ಟು ಬಂತು. “ಒಂದು ವಾರ ಬೇರೆ ಯಾರಾದರೂ ತೆಗೆಯುತ್ತಿದ್ದರಲ್ಲ ಅಕ್ಕ” ಎಂದೆ. ಅವರು ಬೀಗ ತೆಗೆದು, ಪೊರಕೆಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತರು. ಹೆಂಗಸರು ಬಂದರು. ಆಗ ಪಾಲಮ್ಮ ಅವರ ಪಕ್ಕ ಸರಿದು ಕೂತು, “ಇವತ್ತು ನೀವು ಹೇಳ್ರಿ ಸಿಸ್ಟರಮ್ಮ” ಎಂದರು.

ಅವರು ಹೇಳಿದರು. ಹಿಂದೂಪುರದ ಬಸ್ ಸ್ಟ್ಯಾಂಡಿನ ಸಂಗತಿ ನಾನು ಕೇಳಿದ್ದು ಆಗಲೇ. “ಊರೋರ ಮಕ್ಕಳನ್ನ ಬಸ್ ಹತ್ತಿಸ್ತಾ ಹತ್ತಿಸ್ತಾ ನನ್ನ ತಮ್ಮನ್ನ ಬಸ್ ಸ್ಟ್ಯಾಂಡ್ನಾಗೆ ಕಳ್ಕೊಂಡೆ ಕಣವ್ವ” ಎಂದರು. “ನಾನು ನರ್ಸು. ಅವ್ನ ಹೊಟ್ಟೆ ಊದಿದ್ದು ನೋಡಿದ್ದೆ. ಎಷ್ಟು ದಿನ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದು ಏನ್ ಬಂತು?” ಪಾಲಮ್ಮ ಅವರ ಕೈ ಹಿಡಿದುಕೊಂಡಿದ್ದರು. ಒಳಗೆ ಮೀಟಿಂಗ್ ಮುಗಿದು ಗಂಡಸರು ಹೊರಗೆ ಬಂದಾಗ, ಮೆಟ್ಟಿಲ ಮೇಲೆ ಯಾರೂ ಏಳದ್ದನ್ನು ಕಂಡು ಬಾಗಿಲಲ್ಲೇ ನಿಂತರು. ಉಜ್ಜಿನಪ್ಪನವರು ಮಾತ್ರ ಹಿಂದಕ್ಕೆ ಹೋಗಿ ಕೋಣೆಯ ಚಾಪೆ ಸುತ್ತಿಟ್ಟು, ಕೊಡ ಬೋರಲು ಹಾಕಿ, ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. “ಇನ್ನ ಮ್ಯಾಲೆ ನಾನು ತೆಗೀತೀನ್ರಿ” ಎಂದರು.

ನಂತರದ ವರ್ಷಗಳ ಬಗ್ಗೆ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ಕೆಲವರು ಉಳಿದರು. ಕೆಲವರು ಬೆಂಗಳೂರಿಗೆ ದುಡಿಯಲು ಹೋಗಿ ಅಲ್ಲಿ ಕಳೆದುಹೋದರು. ಒಬ್ಬರು ಅಲ್ಲಿಯೂ ಮೀಟಿಂಗ್ ಹುಡುಕಿಕೊಂಡು ಫೋನ್ ಮಾಡಿ ತಿಳಿಸಿದರು. ಸತ್ತವರೂ ಇದ್ದಾರೆ. ಕೊರೋನಾ ಬಂದು ಕೋಣೆ ಮುಚ್ಚಿದಾಗ ಬಹಳ ಜನ ಮತ್ತೆ ಕುಡಿತಕ್ಕೆ ಬಿದ್ದರು. ಕೆಲವು ಭಾನುವಾರ ಒಳಗೆ ಇಬ್ಬರೇ ಇರುತ್ತಾರೆ. ಸಾಧನೆಯ ಮಾತು ಕೇಳಿದವರಿಗೆ ಓಬಳಮ್ಮನವರು, “ಉಜ್ಜಿನಪ್ಪ ಜೇಬು ಹೊಲೀತಾನೆ” ಎನ್ನುತ್ತಾರೆ. ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ನಿವೃತ್ತರಾಗಿ ಅವರು ಊರಿಗೆ ಹೋಗಿ ಕದರಮ್ಮನ ಜೊತೆ ಇರತೊಡಗಿದ ಮೇಲೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಒಂದು ದಿನ ಕದರಮ್ಮ ಕೆಲಸದಿಂದ ಬಂದು, ಉಣ್ಣುತ್ತ, “ಅಕ್ಕಯ್ಯ, ನಮ್ಮೋರಿಗಂತೂ ಆಗ್ಲಿಲ್ಲ. ನಮ್ ಬಸ್ಸಿನಾಗೆ ಬರೋ ಹೆಣ್ಮಕ್ಳು ಮನೆಗೋಗಕ್ಕೆ ಹೆದರ್ಕೊಂಡು ಕೊನೆ ಸ್ಟಾಪ್‌ವರ್ಗೂ ಕುಂತಿರ್ತಾರೆ. ನೀನು ರಾಯದುರ್ಗದಾಗೆ ಮಾಡಿದ್ದು ಇಲ್ಲೂ ಮಾಡಕ್ಕಾಗಾಕಿಲ್ವ?” ಎಂದರಂತೆ. ಓಬಳಮ್ಮನವರು ಕೆಲವು ದಿನದ ಮೇಲೆ ನನಗೆ ಫೋನ್ ಮಾಡಿ, “ನಂಗೆ ಆಗಾಕಿಲ್ಲ ಸುನೀತಾ. ಮಂಡಿ ನೋವು, ಸೊಂಟ ನೋವು. ಮನಸ್ಸೂ ಇಲ್ಲ” ಎಂದರು. ಆಗಲೇ ಮಡಕಶಿರಾದಲ್ಲಿ ಒಂದು ಕೋಣೆಯನ್ನೂ ವಿಚಾರಿಸಿದ್ದರು.

ಒಳಗೆ ಕೂರಲು ಕುಡಿತ ಬಿಟ್ಟವರೊಬ್ಬರು ಬೇಕು. ಉಜ್ಜಿನಪ್ಪನವರು ರಾಯದುರ್ಗದ ಕೀಲಿಯನ್ನು ಇನ್ನೊಬ್ಬರಿಗೆ ಕೊಟ್ಟು, ಕಲ್ಯಾಣದುರ್ಗ, ಪಾವಗಡಗಳಲ್ಲಿ ಬಸ್ಸು ಬದಲಿಸುತ್ತ ಮಡಕಶಿರಾಕ್ಕೆ ಹೋಗತೊಡಗಿದರು. ಕದರಮ್ಮ ಬಸ್ಸಿನಲ್ಲಿ ಹೆಂಗಸರಿಗೆ ಹೇಳಿದರು. ಮೊದಲ ಭಾನುವಾರ ಯಾರೂ ಬರಲಿಲ್ಲ. ಮುಂದಿನ ವಾರಗಳಲ್ಲೂ ಬರಲಿಲ್ಲ. ಉಜ್ಜಿನಪ್ಪನವರು ಖಾಲಿ ಕೋಣೆಯಲ್ಲಿ ಸಭೆಯ ಹೊತ್ತು ಮುಗಿಯುವವರೆಗೆ ಒಬ್ಬರೇ ಕೂತಿದ್ದು ಎದ್ದು ಬರುತ್ತಿದ್ದರು. ಓಬಳಮ್ಮನವರು ಎದುರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕಳೆದ ತಿಂಗಳು ನಾನೂ ಹೋಗಿದ್ದೆ. ಆ ಮಧ್ಯಾಹ್ನ ಗಡ್ಡ ಬಿಟ್ಟ ಒಬ್ಬ ಗಂಡಸು ಬಂದು, ಬೀದಿಯಲ್ಲಿ ಆಚೆ ಈಚೆ ನಡೆದು, ಕೊನೆಗೆ ಬಾಗಿಲ ಬಳಿ ನಿಂತರು.

“ನಮ್ಮನೇರು ಹೇಳಿದ್ರು, ಬಸ್ಸಿನಾಗೆ ಯಾರೋ ಹೇಳಿದ್ರಂತೆ. ಸುಮ್ನೆ ನೋಡ್ಕೊಂಡೋಗಾನ ಅಂತ ಬಂದೆ.”

“ಬರ್ರಿ, ಕೂಡ್ರಿ” ಎಂಬ ಉಜ್ಜಿನಪ್ಪನವರ ದನಿ ಒಳಗಿನಿಂದ ಕೇಳಿತು.

ಆತ ಚಪ್ಪಲಿ ಬಿಟ್ಟು ಒಳಗೆ ಹೋದರು. ಓಬಳಮ್ಮನವರು ಸ್ವಲ್ಪ ಹೊತ್ತು ಆ ಚಪ್ಪಲಿಗಳನ್ನೇ ನೋಡುತ್ತಿದ್ದು, ಮಂಡಿಯ ಮೇಲೆ ಕೈ ಊರಿ ಎದ್ದರು. ಮೀಟಿಂಗ್ ಮುಗಿಯಲು ಇನ್ನೂ ಹೊತ್ತಿತ್ತು. “ಬಾ, ಮನೇಗೋಗಾನ” ಎಂದರು. ನಾನು ತಿಳಿದಂತೆ ಅವರು ಮೀಟಿಂಗ್ ಮುಗಿಯುವ ಮೊದಲೇ ಎದ್ದುಹೋದದ್ದು ಅದೇ ಮೊದಲು. ಮನೆಗೆ ಹೋಗಿ, ಕದರಮ್ಮ ಇಟ್ಟಿದ್ದ ಮುದ್ದೆ ಉಂಡು, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ನಾನು ಹೊರಟಾಗಲೂ ಎಚ್ಚರವಾಗಲಿಲ್ಲ.

ಹಿರಿಯರಾದ ಓಬಳಮ್ಮನವರಿಗೆ ದೀರ್ಘಾಯುಷ್ಯವನ್ನೂ, ನೋವಿಲ್ಲದ ಮಂಡಿಗಳನ್ನೂ ಕೋರುತ್ತೇನೆ. ಅವರ ಕೆಲಸ ಮುಂದುವರಿಯಲಿ. ಅದನ್ನು ಸ್ವಲ್ಪ ಬೇರೆಯವರೂ ಮಾಡಲಿ. ಭಾನುವಾರ ಮಧ್ಯಾಹ್ನ ಯಾರೂ ಅವರನ್ನು ಎಬ್ಬಿಸದಿರಲಿ.